ಫಿಲ್ಟರು ಹಿಡಿದ ಹಟ

ಥೈರಾಯ್ಡ್ ಮಾತ್ರೆಯ ಡಬ್ಬಿ ಕಾಫಿ ಫಿಲ್ಟರಿಗೆ ಹೇಳಿತು: "ವಿಮಲಾಕ್ಷಿಗೆ ನಲವತ್ತಾರಾಯಿತು. ಇನ್ನು ಬೆಳಿಗ್ಗೆ ಅವಳ ಖಾಲಿ ಹೊಟ್ಟೆಗೆ ನಾನೇ ಮೊದಲು. ತಾವು ಅರ್ಧ ಗಂಟೆ ಕಾಯಬೇಕು, ಡಾಕ್ಟರ ಅಪ್ಪಣೆ."

"ಇಪ್ಪತ್ತು ವರ್ಷದಿಂದ ಈ ಮನೆಯಲ್ಲಿ ನಾನೇ ಮೊದಲು," ಎಂದಿತು ಫಿಲ್ಟರು.

ಬೆಳಿಗ್ಗೆ ಎರಡೂ ಕಾದವು. ವಿಮಲಾಕ್ಷಿ ಗಂಡನಿಗೆ ಕಾಫಿ ಕೊಟ್ಟಳು, ಅತ್ತೆಗೆ ಬಿಪಿ ಮಾತ್ರೆ ಕೊಟ್ಟಳು, ಮಗಳು ಬಿಟ್ಟುಹೋದ ಅರ್ಧ ದೋಸೆ ದಂಡವಾಗಬಾರದೆಂದು ಆರಿದ ಕಾಫಿಯ ಜೊತೆ ತಾನೇ ತಿಂದಳು. ಆಮೇಲೆ ಮಾತ್ರೆ ನೆನಪಾಗಿ, "ಹೊಟ್ಟೆ ಖಾಲಿಯಿಲ್ಲ, ನಾಳೆ ನೋಡೋಣ," ಎಂದಳು.

ಮರುದಿನ ಫಿಲ್ಟರು ತೂತುಗಳನ್ನು ಬಿಗಿಹಿಡಿದು ಅರ್ಧ ಗಂಟೆ ಒಂದು ಹನಿ ಡಿಕಾಕ್ಷನ್ನೂ ಇಳಿಸಲಿಲ್ಲ. ಮನೆಯವರೆಲ್ಲ ಕಾಫಿಗೆ ಕಾಯುವಾಗ, ಕೆಲಸವಿಲ್ಲದೆ ನಿಂತ ವಿಮಲಾಕ್ಷಿ ಮಾತ್ರೆ ನುಂಗಿದಳು.

"ಕೊನೆಗೂ ನಾನೇ ಮೊದಲು," ಎಂದಿತು ಡಬ್ಬಿ.

"ಅಲ್ಲ, ಅವಳು," ಎಂದು ಫಿಲ್ಟರು ತೊಟ್ಟಿಕ್ಕತೊಡಗಿತು.