ಬೀಗರ ಮನೆ ತೋರಿಸಿದ ಮೊಬೈಲು

ಸಾಕಮ್ಮ ಮನೆಗೆ ಬೀಗ ಹಾಕಿ ಮಗಳ ಸೀಮಂತಕ್ಕೆ ಹೋಗಿದ್ದಳು. ಸಾಲ ವಸೂಲಿಯವನು ಬಂದು ಬಾಗಿಲು ಬಡಿದು, ಒಡತಿ ಎಲ್ಲೆಂದು ಗದರಿದ. ಬೀಗ ಬಾಯಿ ಬಿಡಲಿಲ್ಲ.

ವಸೂಲಿಯವನ ಜೇಬಿನಲ್ಲಿದ್ದ ಮೊಬೈಲು ನಕ್ಕಿತು. "ಬೀಗಣ್ಣ, ನೀನು ಹೇಳದಿದ್ದರೇನಂತೆ? ಆಕೆ ಬೀಗರ ಮನೆಯಲ್ಲಿದ್ದಾಳೆ. ಆಕೆಯ ಮೊಬೈಲೇ ನನಗೆ ತಿಳಿಸಿತು. ಸಾಲ ಪಡೆಯುವಾಗ ಆ್ಯಪಿನಲ್ಲಿ 'ಸಮ್ಮತಿ' ಎಂದು ಒತ್ತಿದ್ದಾಳಲ್ಲ!"

"ಆಕೆ ಒಪ್ಪಿದ್ದು ಸಾಲ ತೀರಿಸುವುದಕ್ಕೆ, ಬೀಗರೆದುರು ಮಾನ ಕಳೆದುಕೊಳ್ಳುವುದಕ್ಕಲ್ಲ. ಸಾಲದ ವಿಷಯ ಅವರಿಗೆ ತಿಳಿಯದು. ನಾಳೆ ಬರುತ್ತಾಳೆ, ಇಲ್ಲೇ ಕೇಳಿ" ಎಂದಿತು ಬೀಗ.

"ಇಲ್ಲಿ ಕೇಳಿದರೆ ವಾಯಿದೆ ಹೇಳುತ್ತಾಳೆ. ಅಲ್ಲಿ ಕೇಳಿದರೆ ಕೈಬಳೆ ಬಿಚ್ಚಿಕೊಡುತ್ತಾಳೆ."

ವಸೂಲಿಯವನ ಬೈಕು ಬೀಗರ ಮನೆಯ ಕಡೆಗೆ ಹೊರಟಿತು.

ಅಂದು ಸಂಜೆಯೇ ಸಾಕಮ್ಮ ಮರಳಿದಳು. ಬಳೆಯಿಲ್ಲದ ಕೈಯಿಂದ ಬೀಗ ತೆಗೆದು ಒಳಹೋದವಳು ಬಾಗಿಲು ಹಾಕಿಕೊಳ್ಳಲಿಲ್ಲ. ಮುಚ್ಚಿಡುವಂಥದ್ದು ಇನ್ನೇನೂ ಉಳಿದಿರಲಿಲ್ಲ.