ನೀರಗಂಟಿಯ ಗುಟ್ಟು

"ಗುರುಗಳೇ, ಮಠದ ಕಂಪ್ಯೂಟರಿನ ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತು. ಈಗ ಈ ಬೆರಳುದ್ದದ ಕೀಲಿಯನ್ನೂ ಸಿಕ್ಕಿಸಿದರೆ ಮಾತ್ರ ಅದು ತೆರೆಯುವಂತೆ ಮಾಡಿಸಿದ್ದೀರಿ. ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ಶಿಷ್ಯ ಕೇಳಿದ.

"ಮುಖ ಊದಿಸಿಕೊಳ್ಳಬೇಡ, ಕೂತುಕೋ," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೀರಗಂಟಿ ಇದ್ದ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ತೂಬಿನ ಕಬ್ಬಿಣದ ಕೀಲಿಕೈ ಸದಾ ಅವನ ಸೊಂಟದಲ್ಲಿರುತ್ತಿತ್ತು. ಎಲ್ಲಾದರೂ ಜಾರಿ ಬಿದ್ದರೆ ಸೊಂಟ ಹಗುರಾಗಿ ಆಗಲೇ ಗೊತ್ತಾಗುತ್ತಿತ್ತು.

ಊರವರು ತೂಬಿಗೆ ಮೋಟಾರು ಕೂರಿಸಿದರು. ಕೂರಿಸಲು ಬಂದ ಎಂಜಿನಿಯರು ಒಂದು ಸಣ್ಣ ಬಿಲ್ಲೆ ತೋರಿಸಿ, "ಇದನ್ನು ಮೋಟಾರಿನ ಪೆಟ್ಟಿಗೆಗೆ ಮುಟ್ಟಿಸಿದರೆ ಮಾತ್ರ ತೂಬು ಏಳುತ್ತದೆ. ಇದರೊಳಗಿನ ಗುಟ್ಟು ಇಟ್ಟುಕೊಂಡವನಿಗೂ ತಿಳಿಯುವುದಿಲ್ಲ. ಯಾರು ಎಷ್ಟು ಪುಸಲಾಯಿಸಿದರೂ ಹೇಳುವುದಕ್ಕೆ ಅವನ ಬಳಿ ಏನೂ ಇರುವುದಿಲ್ಲ," ಎಂದ. ಹಿರಿಯರಿಗೆ ಇದು ಅವಮಾನವಾಗಿ ಕಂಡಿತು. ನಮ್ಮ ನೀರಗಂಟಿಯ ಬಾಯಿಗಿಂತ ಬಿಲ್ಲೆ ಹೆಚ್ಚೇ ಎಂದರು. ಮೊಬೈಲಿನಲ್ಲಿ ಗುಟ್ಟಿನ ಪದ ಒತ್ತಿದರೆ ತೂಬು ಏಳುವಂತೆ ಮಾಡಿಸಿ, ಆ ಪದವನ್ನು ಅವನೊಬ್ಬನಿಗೇ ಕೊಟ್ಟರು. ಪಾಪ, ಅವನು ಹಿಗ್ಗಿಹೋದ.

ಒಂದು ದಿನ ಅವನಿಗೆ ಫೋನು ಬಂತು. "ತೂಬಿನ ಕಂಪನಿಯವರು ನಾವು. ನಿಮ್ಮ ತೂಬನ್ನು ಯಾರೋ ಎತ್ತಲು ನೋಡುತ್ತಿದ್ದಾರೆ. ಪದ ಹೇಳಿ, ಭದ್ರ ಮಾಡುತ್ತೇವೆ." ನೀರು ಹೋದೀತೆಂಬ ದಿಗಿಲಿಗೆ ಅವನು ಹೇಳಿಬಿಟ್ಟ. ಬೀಗ ಮಾಡಿದವರಿಗೆ ಹೇಳಿದರೆ ಹೊರಗಿನವರಿಗೆ ಹೇಳಿದಂತೆ ಎಂದು ಅವನಿಗೆ ಅನಿಸಲೇ ಇಲ್ಲ. ಪದ ಅವನ ತಲೆಯಲ್ಲಿ ಹಾಗೆಯೇ ಇತ್ತು. ಏನೂ ಹಗುರಾಗಲಿಲ್ಲ.

ಭತ್ತ ಹಾಲುಗಟ್ಟುವ ಕಾಲಕ್ಕೆ ಒಂದು ಬೆಳಗ್ಗೆ ಕೆರೆ ಬರಿದಾಗಿತ್ತು. ಕೆಳಗಿನ ಊರಿನ ಮೀನು ವ್ಯಾಪಾರಿಯ ಹೊಂಡಗಳು ತುಂಬಿದ್ದವು. ಪೆಟ್ಟಿಗೆಯಲ್ಲಿ ನೋಡಿದರೆ ತೂಬು ಎತ್ತಿದವನೆಂದು ನೀರಗಂಟಿಯ ಹೆಸರೇ ಬಿದ್ದಿತ್ತು.

"ಆ ಪದ ಇನ್ಯಾರಿಗೆ ಗೊತ್ತಪ್ಪ?" ಎಂದು ಹಿರಿಯರು ಕೇಳಿದರು.

"ಯಾರಿಗೂ ಗೊತ್ತಿಲ್ಲ ಬುದ್ಧಿ. ಹೆಂಡ್ತಿಗೂ ಹೇಳಿಲ್ಲ, ಕೆರೆಯಮ್ಮನಾಣೆ."

ಅವನ ಪ್ರಾಮಾಣಿಕತೆಯೇ ಅವನ ಕುತ್ತಿಗೆಗೆ ಬಂತು. ಅವನ ಬಾಯಿಯನ್ನು ಹೊಗಳಿದವರೇ ನೀರು ಮಾರಿಕೊಂಡವನೆಂದು ಉಗಿದರು. ಹೊಗಳಿದವರಿಗೆ ಉಗಿಯುವುದೇನು ಕಷ್ಟ? ಕೆರೆಯ ಕಡೆ ಕಾಲಿಡಬೇಡ ಎಂದರು. ಅವನು ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ. ಕೆರೆಯ ಏರಿ ದಾಟುವಾಗ ಅಭ್ಯಾಸಬಲದಿಂದ ಸೊಂಟ ತಡವಿಕೊಂಡ. ಮರುವರ್ಷ ಊರವರು ಬಿಲ್ಲೆ ತರಿಸಿದರು.

ಗುರುಗಳು ಕತೆ ನಿಲ್ಲಿಸಿ ಶಿಷ್ಯನನ್ನು ನೋಡಿದರು. "ನಿನ್ನ ಪಾಸ್‌ವರ್ಡ್ ಎಲ್ಲಿದೆ?"

"ಇಲ್ಲೇ ಗುರುಗಳೇ, ನನ್ನ ತಲೆಯಲ್ಲೇ ಭದ್ರವಾಗಿದೆ."

"ಅವನ ತಲೆಯಲ್ಲೂ ಭದ್ರವಾಗಿಯೇ ಇತ್ತು."