ಇನ್ನೊಂದು ತುತ್ತು

ಶಿವ ಕೊಟ್ಟದ್ದನ್ನು ಉಂಡು, ಬಂದವರಿಗೆ ಉಣಿಸುತ್ತಿದ್ದ ಮಠವೊಂದು ಹೊಳೆಯ ದಂಡೆಯಲ್ಲಿತ್ತು. ಅಲ್ಲಿಯ ಹಿರಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಮಠದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸಾವಂತ್ರವ್ವ ಜ್ವರ ಬಂದು ತೀರಿಕೊಂಡಳು. ಗಂಡ ಮೊದಲೇ ಹೋಗಿದ್ದ. ಉಳಿದದ್ದು ಒಂದು ಹೆಣ್ಣುಕೂಸು, ಪಾರಿ. ಆಗಷ್ಟೇ ನಡೆಯಲು ಕಲಿತಿತ್ತು. ಎದೆಹಾಲು ಬಿಡಿಸಿ ಅನ್ನದ ರೂಢಿ ಮಾಡಿಸುತ್ತಿರುವಾಗಲೇ ತಾಯಿ ಕಣ್ಣು ಮುಚ್ಚಿದ್ದಳು.

ಮಣ್ಣು ಮುಗಿಸಿ ಬಂದ ದಿನ ಅಜ್ಜಾರು ಕೂಸನ್ನು ತಂದು ಶಿಷ್ಯ ರೇವಯ್ಯನ ತೊಡೆಯ ಮೇಲೆ ಕೂಡಿಸಿದರು.

"ನನಗೇನ್ ಗೊತ್ತೈತ್ರಿ ಅಜ್ಜಾರ, ಕೂಸಿನ ವಿಷಯ?"

"ಕೂಸಿಗೂ ನಿನ್ನ ವಿಷಯ ಗೊತ್ತಿಲ್ಲ. ಇಬ್ಬರೂ ಕಲೀರಿ."

ರೇವಯ್ಯ ಜೋಳದ ನುಚ್ಚನ್ನು ಹಾಲಿನಲ್ಲಿ ಮೆತ್ತಗೆ ಕಿವುಚಿ ಉಣಿಸಲು ಕೂತ. ಪಾರಿ ತುತ್ತನ್ನು ಬಾಯಿಗೆ ಹಾಕಿಸಿಕೊಳ್ಳುತ್ತಿತ್ತು, ನುಂಗುತ್ತಿರಲಿಲ್ಲ. ಕೆನ್ನೆಯಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡುವುದು, ಸ್ವಲ್ಪ ಹೊತ್ತಿಗೆ ಥೂ ಎಂದು ಉಗುಳುವುದು.

ಆ ಮಠದಲ್ಲಿ ಬಟ್ಟಲಿಗೆ ಬಿದ್ದದ್ದೆಲ್ಲ ಪ್ರಸಾದ. ಒಂದು ಅಗುಳು ಚೆಲ್ಲುವಂತಿಲ್ಲ. ಉಂಡಾದ ಮೇಲೆ ಬಟ್ಟಲು ತೊಳೆದ ನೀರನ್ನೂ ಕುಡಿಯುತ್ತಿದ್ದರು. ನೆಲದ ಮೇಲೆ ಬಿದ್ದ ನುಚ್ಚನ್ನು ನೋಡಿದಾಗಲೆಲ್ಲ ರೇವಯ್ಯನ ಜೀವ ಹಿಂಡುತ್ತಿತ್ತು.

ಒಂದು ದಿನ ಕೂಸು ಇನ್ನೇನು ಉಗುಳಬೇಕು, ಗಾಬರಿಯಲ್ಲಿ ಅಂದುಬಿಟ್ಟ: "ನುಂಗವ್ವಾ, ನುಂಗು. ನುಂಗಿದ್ರ ಅವ್ವ ಬರ್ತಾಳ."

ಪಾರಿ ಗುಟುಕ್ಕನೆ ನುಂಗಿತು. ಬಾಗಿಲ ಕಡೆ ನೋಡಿತು. ಮತ್ತೆ ಬಾಯಿ ತೆರೆಯಿತು.

"ಇನ್ನ."

ಅಂದಿನಿಂದ ತುತ್ತಿಗೊಮ್ಮೆ ಅದೇ ಮಾತು. ಬಟ್ಟಲು ಬರಿದಾಗುತ್ತಿತ್ತು, ಇನ್ನೊಂದು ಬಟ್ಟಲೂ ಬರಿದಾಗುತ್ತಿತ್ತು.

ಅಡುಗೆಯ ಬಸಲಿಂಗವ್ವ ನಕ್ಕಳು. "ಏನ್ ಸ್ವಾಮಿ, ಕೂಸಿಗೆ ಉಣಸಾಕತ್ತೀಯೋ, ಕಣಜ ತುಂಬಾಕತ್ತೀಯೋ? ಬಾಯಾಗ ಹಲ್ಲ ನಾಕು, ಉಣ್ಣೂದು ನಾಕು ಮಂದೀದು!"

ರೇವಯ್ಯನಿಗೆ ಹೆಮ್ಮೆ. ಅಜ್ಜಾರ ಮುಂದೆ ಹೋಗಿ ಹೇಳಿಕೊಂಡ: "ಈಗ ಒಂದಗುಳೂ ಚೆಲ್ಲಂಗಿಲ್ರಿ."

"ಹಸದು ಉಣ್ಣಾಕತ್ತೈತೇನು?"

"ಹಸಿವಿಲ್ದ ಯಾರ್ ಉಣ್ತಾರ್ರಿ ಅಜ್ಜಾರ?"



ಮುಂದೊಂದು ಮಧ್ಯಾಹ್ನ ಪಾರಿಯ ಹೊಟ್ಟೆ ಗಡಿಗೆಯಂತೆ ಬಿಗಿದಿತ್ತು. ಆದರೂ "ಇನ್ನ" ಎನ್ನುತ್ತಿತ್ತು. ಕೊನೆಗೆ ಉಂಡದ್ದನ್ನೆಲ್ಲ ಕಾರಿಕೊಂಡಿತು. ರೇವಯ್ಯ ಬಾಯಿ ಒರೆಸಿದ. ಕೂಸು ಕಣ್ಣೀರು ಮೂಗು ಒಂದು ಮಾಡಿಕೊಂಡು, ತಟ್ಟಾಡುತ್ತ ಬಾಗಿಲಿಗೆ ಹೋಗಿ, ಹೊರಗೆ ನೋಡಿ, ತಿರುಗಿ ಬಂದು ಅವನ ಮುಂದೆ ಕೂತಿತು. ಗದ್ದ ಎತ್ತಿ ಬಾಯಿ ತೆರೆಯಿತು.

"ಇನ್ನ."

ರೇವಯ್ಯನ ಕೈ ಮೇಲೇಳಲಿಲ್ಲ. ಕೂಸನ್ನು ಎತ್ತಿಕೊಂಡು ಅಜ್ಜಾರ ಬಳಿಗೆ ಓಡಿದ.

"ಅಜ್ಜಾರ, ವಿಭೂತಿ ಮಂತ್ರಿಸಿ ಕೊಡ್ರಿ. ಕೂಸಿನ ಹೊಟ್ಟಿ ಕೆಟ್ಟೈತಿ."

"ಏನಂತ ಹೇಳಿ ಉಣಸ್ತಿ?"

ರೇವಯ್ಯ ತಲೆ ತಗ್ಗಿಸಿ ಹೇಳಿದ.

ಅಜ್ಜಾರು ಬಹಳ ಹೊತ್ತು ಕೂಸಿನ ಬೆನ್ನು ಸವರಿದರು. "ಆಕಿ ಉಣ್ಣಾಕತ್ತಿಲ್ಲ, ತಮ್ಮಾ. ದಾರಿ ಕಾಯಾಕತ್ತಾಳ."

"ಪ್ರಸಾದ ಕೆಡಬಾರದಂತ ಅಂದೇರಿ..."

"ಪ್ರಸಾದ ಉಳೀತು. ಮಾತು ಕೆಟ್ಟಿತು."

"ಈಗೇನ್ ಮಾಡ್ಲಿ?"

"ಖರೇ ಹೇಳು."

"ಕೂಸಿಗೆ ಬರೂವು ನಾಕ ಮಾತು, ಅಜ್ಜಾರ. ಅವ್ವ, ಬುವಾ, ಇನ್ನ, ಇಲ್ಲ. ಇಷ್ಟರಾಗ ಸಾವು ಹೆಂಗ ಹೇಳ್ಲಿ?"

"ಇಷ್ಟರಾಗ ಹೇಳು. ಐದನೇ ಮಾತು ಬ್ಯಾಡ."

"ನನ್ನ ಬಾಯಿಂದ ಆಗೂದಿಲ್ರಿ. ನೀವ ಹೇಳ್ರಿ."

"ಬರ್ತಾಳ ಅಂದ ಬಾಯಿ ಯಾರದು?"

ಸಂಜೆ ರೇವಯ್ಯ ನುಚ್ಚು ಕಿವುಚಿ ತಂದ. ಪಾರಿ ಬಾಗಿಲ ಕಡೆ ನೋಡಿ "ಅವ್ವ?" ಎಂದಿತು. ಬಾಯಿ ತೆರೆದು ಕಾಯಿತು.

ಅವನು ಬಟ್ಟಲು ಕೆಳಗಿಟ್ಟ. ಕೂಸಿನ ಎರಡೂ ಕೈ ಹಿಡಿದುಕೊಂಡ.

"ಅವ್ವ ಇಲ್ಲ."

ಪಾರಿ ನಕ್ಕಿತು. ಹಾಲು ಮುಗಿದಾಗ ಮಾಡುವ ಹಾಗೆ ಬರಿಗೈ ಅರಳಿಸಿ ತೋರಿಸಿತು. ಅದಕ್ಕೆ ಅದು ಆಟ.

ರೇವಯ್ಯ ನಗಲಿಲ್ಲ. "ಅವ್ವ ಇಲ್ಲ, ಪಾರಿ."

ಕೂಸು ಅವನ ಮುಖ ನೋಡಿತು. ಎದ್ದು ಬಾಗಿಲಿಗೆ ಹೋಯಿತು. ಅಂಗಳ ನೋಡಿತು. ರೊಟ್ಟಿ ಬಡಿಯುವ ಒಲೆಯ ಕಡೆ ಹೋಯಿತು; ಅಲ್ಲಿ ಬಸಲಿಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ತಿರುಗಿ ಬಂತು.

"ಅವ್ವ," ಎಂದಿತು. ಆಮೇಲೆ, ಬಹಳ ಮೆಲ್ಲಗೆ, "ಇಲ್ಲ."

ಅಲ್ಲಿಯವರೆಗೆ ಅದು ಒಂದೊಂದೇ ಮಾತು ಆಡಿದ್ದು. ಎರಡು ಮಾತು ಜೋಡಿಸಿದ್ದು ಅದೇ ಮೊದಲು. ಯಾವ ತಾಯಿಯಾದರೂ ಊರೆಲ್ಲ ಹೇಳಿಕೊಂಡು ಬರುವಂಥ ಗಳಿಗೆ ಅದು.

ಪಾರಿ ಅತ್ತಿತು. ಬಿದ್ದಾಗ ಅಳುವ ಅಳುವಲ್ಲ, ಹಸಿದಾಗಿನ ಅಳುವೂ ಅಲ್ಲ. ರೇವಯ್ಯ ಅದನ್ನು ಹೆಗಲಿಗೆ ಹಾಕಿಕೊಂಡು ಅಂಗಳದ ತುಂಬ ಅಡ್ಡಾಡಿದ. ಶಿವಾ, ಶಿವಾ ಎನ್ನುವುದೊಂದು ಬಿಟ್ಟು ಅವನಿಗೆ ಬೇರೆ ಏನೂ ಹೊಳೆಯಲಿಲ್ಲ. ಅತ್ತು ಅತ್ತು ಕೂಸು ಉಪವಾಸವೇ ಮಲಗಿತು.

ಅಜ್ಜಾರು ಬಂದು, ನುಚ್ಚು ಒಣಗಿಹೋಗಿದ್ದ ಬಟ್ಟಲಿನ ಮುಂದೆ ಕೂತರು. ಕೂಸಿಗೆ ತಂದದ್ದನ್ನು ತಾವೇ ಉಂಡರು. ಬಟ್ಟಲು ತೊಳೆದು ಆ ನೀರು ಕುಡಿದರು.

ಮರುದಿನ ಮುಂಜಾನೆ ಪಾರಿ ಕೆಲವೇ ತುತ್ತು ಉಂಡಿತು. ಹೊಟ್ಟೆ ತುಂಬಿದೊಡನೆ ರೇವಯ್ಯನ ಕೈಯನ್ನು ಆಚೆ ನೂಕಿ, ತುಟಿ ಬಿಗಿಯಾಗಿ ಮುಚ್ಚಿಕೊಂಡಿತು. ಅವನು ಒತ್ತಾಯ ಮಾಡಲಿಲ್ಲ.

ಕೂಸನ್ನು ಎತ್ತಿಕೊಂಡು ಹೊಳೆಯ ಕಡೆ ಹೋದ. ಅಜ್ಜಾರು ಮಿಂದು ಮೆಟ್ಟಿಲ ಮೇಲೆ ಕೂತಿದ್ದರು.

"ಅಜ್ಜಾರ, ಎದ್ದ ಕೂಡ್ಲೆ ಮತ್ತ ಅವ್ವ ಅಂತು."

"ನೀ ಏನಂದಿ?"

"ಇಲ್ಲ ಅಂದೆ. ಮತ್ತ ಅತ್ತಿತು."

"ಹೂಂ."

"ನಾಳೆನೂ ಕೇಳಿದ್ರ?"

"ನಾಳೆನೂ ಹೇಳು."

"ನಾಡದ?"

"ನಾಡದನೂ."

ರೇವಯ್ಯನಿಗೆ ದುಃಖ ಒತ್ತರಿಸಿ ಬಂತು. "ಹಿಂಗ ಎಷ್ಟು ದಿನ ಹೇಳ್ಬೇಕ್ರಿ ಅಜ್ಜಾರ? ಒಮ್ಮೆ ಹೇಳಿದ್ರ ತಿಳಿಯಂಗಿಲ್ಲೇನು?"

ಅಜ್ಜಾರು ಕೂಸಿನ ಕಾಲನ್ನು ತಮ್ಮ ಒದ್ದೆ ಅಂಗೈಯಲ್ಲಿ ಹಿಡಿದುಕೊಂಡರು.

"ನಮ್ಮವ್ವ ಹೋದಾಗ ನನಗಿನ್ನೂ ಮೀಸಿ ಮೂಡಿರಲಿಲ್ಲ, ತಮ್ಮಾ. ಈಗೂ ಮುಂಜಾನೆ ಎದ್ದ ಕೂಡ್ಲೆ, ನನಗ ನಾನು ಒಮ್ಮೆ ಹೇಳ್ಕೋತೀನಿ."